ಲಾಜವರ್ದ ಬಣ್ಣದ ಈರುಳ್ಳಿ

ಈರುಳ್ಳಿಯನ್ನು ಹೂವಿನ ಗಿಡವೆಂದು ನಾವ್ಯಾರೂ ಎಣಿಸುವುದಿಲ್ಲ. ಕರಾವಳಿಯವರಿಗೆ ಅದು ನೀರುಳ್ಳಿ, ಉತ್ತರ ಕರ್ನಾಟಕದವರಿಗೆ ಉಳ್ಳಾಗಡ್ಡಿ, ಉರ್ದು ಮಾತಾಡುವ ಮನೆಗಳಲ್ಲಿ ಪ್ಯಾಜ್. ಹೆಸರು ಯಾವುದಾದರೂ ಅದರ ಜಾಗ ಅಡುಗೆಮನೆಯೇ. ಪ್ರವಾದಿ ಮೂಸಾರ ಜನರು ಒಂದೇ ಬಗೆಯ ಆಹಾರಕ್ಕೆ ಬೇಸತ್ತು ಬೇಳೆ, ಈರುಳ್ಳಿ ಬೇಕೆಂದು ಹಟ ಹಿಡಿದ ಪ್ರಸಂಗ ಕುರ್‌ಆನಿನ ಅಲ್‌ಬಕರ ಅಧ್ಯಾಯದಲ್ಲಿ ಬರುತ್ತದೆ. ಅಲ್ಲಿಯೂ ಅದು ಹೊಟ್ಟೆಯ ಮಾತೇ.

ಆದರೆ ಯುರೋಪಿನ ತೋಟಗಳಲ್ಲಿ ಹೂವಿಗಾಗಿಯೇ ಬೆಳೆಸುವ ಒಂದು ಈರುಳ್ಳಿ ಇದೆ. ಗೋಲಿಯಷ್ಟು ದೊಡ್ಡ ಗೆಡ್ಡೆ, ಮೊಣಕಾಲಿನಿಂದ ಸೊಂಟದವರೆಗಿನ ಎತ್ತರದ ಒಂದು ದಂಟು, ಅದರ ತುದಿಯಲ್ಲಿ ಹತ್ತಾರು ಪುಟ್ಟ ಹೂಗಳು ಸೇರಿದ ನೀಲಿ ಚೆಂಡು. ಪ್ರತಿ ಎಸಳಿನ ನಡುವೆ ಗಾಢ ನೀಲಿಯ ಒಂದು ಗೆರೆ. ಸಸ್ಯಶಾಸ್ತ್ರಜ್ಞರು ಇದನ್ನು ಅಲಿಯಮ್ ಸೆರುಲಿಯಮ್ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಸೆರುಲಿಯಮ್ ಎಂದರೆ ಆಕಾಶದ ಬಣ್ಣದ್ದು.

ಇದರ ತವರು ಯುರೋಪ್ ಅಲ್ಲ. ಕಝಾಕಿಸ್ತಾನ, ಕಿರ್ಗಿಸ್ತಾನ, ಉಜ್ಬೆಕಿಸ್ತಾನ, ತಜಿಕಿಸ್ತಾನ, ಚೀನಾದ ಷಿನ್‌ಜಿಯಾಂಗ್ ಮತ್ತು ಸೈಬೀರಿಯಾದ ದಕ್ಷಿಣದ ಅಂಚು. ಅಲ್ಲಿನ ಒಣ ಇಳಿಜಾರುಗಳಲ್ಲಿ, ಮರಗಳಿಲ್ಲದ ಹುಲ್ಲುಗಾವಲುಗಳಲ್ಲಿ ಅದು ತಾನಾಗಿಯೇ ಬೆಳೆಯುತ್ತದೆ. ಸ್ಟೆಪ್ ಎಂದು ಕರೆಯುವ ಈ ಬಯಲಿನಲ್ಲಿ ಚಳಿಗಾಲದ ಹಿಮ ನೆಲವನ್ನು ಕಲ್ಲಾಗಿಸುತ್ತದೆ, ಬೇಸಿಗೆ ಅದನ್ನು ಸುಡುತ್ತದೆ. ಗಿಡಗಳಿಗೆ ಸಿಗುವುದು ನಡುವಿನ ಕೆಲವೇ ವಾರಗಳು. ಹಿಮ ಕರಗಿದ ನೀರನ್ನು ನಂಬಿ ಎಲೆ ಬರುತ್ತದೆ. ಹೂ ಅರಳುವ ಹೊತ್ತಿಗೆ ಎಲೆ ಬಾಡತೊಡಗಿರುತ್ತದೆ. ಬೀಜ ಉದುರಿದ ಮೇಲೆ ನೆಲದ ಮೇಲೆ ಗುರುತೇ ಇರುವುದಿಲ್ಲ. ಗೆಡ್ಡೆ ಮಾತ್ರ ಮಣ್ಣಿನೊಳಗೆ ಕಾಯುತ್ತದೆ. ಚಳಿಯ ದೀರ್ಘ ನಿದ್ದೆ ಅದಕ್ಕೆ ಬೇಕೇ ಬೇಕು. ಹಾಗಾಗಿ ನಮ್ಮ ಬಯಲುಸೀಮೆಗೆ ಅದು ಒಗ್ಗುವ ಗಿಡವಲ್ಲ.

ಮಧ್ಯ ಏಶ್ಯಾ ಉಳ್ಳಿ ಜಾತಿಯ ದೊಡ್ಡ ತವರುಗಳಲ್ಲಿ ಒಂದು. ನಾವು ದಿನವೂ ಹೆಚ್ಚುವ ಈರುಳ್ಳಿಯ ಪೂರ್ವಜರೂ ಆ ಕಡೆಯವರೇ ಎಂಬುದು ವಿದ್ವಾಂಸರ ನಂಬಿಕೆ. ಪಾಮೀರ್ ಪರ್ವತಗಳನ್ನು ಚೀನೀಯರು ಹಿಂದಿನಿಂದಲೂ ತ್ಸುಂಗ್‌ಲಿಂಗ್, ಅಂದರೆ ಈರುಳ್ಳಿ ಬೆಟ್ಟಗಳು ಎಂದು ಕರೆದರು. 7ನೇ ಶತಮಾನದಲ್ಲಿ ಆ ಬೆಟ್ಟಗಳನ್ನು ದಾಟಿದ ಹ್ಯೂಯೆನ್ ತ್ಸಾಂಗ್, ಅಲ್ಲಿ ಈರುಳ್ಳಿ ಹೇರಳವಾಗಿ ಬೆಳೆಯುವುದರಿಂದ ಈ ಹೆಸರು ಬಂತೆಂದು ಬರೆಯುತ್ತಾನೆ. ಇಮ್ಮಡಿ ಪುಲಿಕೇಶಿಯ ನಾಡನ್ನು ಕಂಡು ಬರೆದವನೂ ಇದೇ ಯಾತ್ರಿಕ.

ಯುರೋಪಿನ ವಿಜ್ಞಾನಕ್ಕೆ ಈ ನೀಲಿ ಹೂ ಪರಿಚಯವಾದದ್ದು 1773ರಲ್ಲಿ. ಬರ್ಲಿನ್ನಿನಲ್ಲಿ ಹುಟ್ಟಿದ ಪೀಟರ್ ಸೈಮನ್ ಪಲ್ಲಾಸ್ ರಶ್ಯದ ರಾಣಿ ಎರಡನೇ ಕ್ಯಾಥರೀನಳ ಆಶ್ರಯದಲ್ಲಿ 1768ರಿಂದ 1774ರವರೆಗೆ ಆ ಸಾಮ್ರಾಜ್ಯದ ಉದ್ದಗಲ ಸುತ್ತಿದ. ಅವನ ಪ್ರವಾಸ ಗ್ರಂಥದಲ್ಲಿ ಈ ಹೂವಿಗೆ ಲ್ಯಾಟಿನ್ ಹೆಸರು ಸಿಕ್ಕಿತು. ಅರ್ಧ ಶತಮಾನದ ನಂತರ, 1826ರಲ್ಲಿ, ದೋರ್ಪತ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಲೆಡೆಬೂರ್ ಇಬ್ಬರು ಜೊತೆಗಾರರೊಂದಿಗೆ ಅಲ್ತಾಯ್ ಪರ್ವತಗಳಿಗೆ ಹೋದ. ಅವನು ಇದೇ ಗಿಡಕ್ಕೆ ಅಲಿಯಮ್ ಅಜೂರಿಯಮ್ ಎಂಬ ಇನ್ನೊಂದು ಹೆಸರಿಟ್ಟ. ಶಾಸ್ತ್ರದ ನಿಯಮದಂತೆ ಮೊದಲಿನ ಹೆಸರೇ ನಿಂತಿತು, ಆದರೆ ತೋಟಗಾರರ ಬಾಯಲ್ಲಿ ಎರಡನೆಯದೂ ಉಳಿದುಕೊಂಡಿದೆ.

ಈ ಎರಡನೆಯ ಹೆಸರಿನ ಹಿಂದೆ ಒಂದು ಕತೆ ಇದೆ. ಅಫ್ಘಾನಿಸ್ತಾನದ ಬದಖ್ಶಾನ್ ಪ್ರಾಂತದಲ್ಲಿ ಸಾವಿರಾರು ವರ್ಷಗಳಿಂದ ಒಂದು ನೀಲಿ ಕಲ್ಲನ್ನು ಅಗೆಯುತ್ತಾರೆ. ಫಾರಸಿಯಲ್ಲಿ ಅದು ಲಾಜವರ್ದ್. ಉರ್ದುವಿನಲ್ಲಿ ಇಂದಿಗೂ ಗಾಢ ನೀಲಿಗೆ ಲಾಜವರ್ದಿ ಎನ್ನುತ್ತಾರೆ. ಈ ಪದ ಅರಬಿಗೆ ಹೋಯಿತು, ಅಲ್ಲಿಂದ ಯುರೋಪಿನ ಭಾಷೆಗಳಿಗೆ ದಾಟಿತು. ಅಲ್ಲಿನವರು ಮೊದಲಿನ 'ಲ'ಕಾರವನ್ನು ತಮ್ಮ ಭಾಷೆಯ ಉಪಪದವೆಂದು ಭಾವಿಸಿ ಕಳಚಿಬಿಟ್ಟರು. ಉಳಿದದ್ದು ಅಜೂರ್. ಹೀಗೆ ಪಾಮೀರಿನ ಸೆರಗಿನಿಂದ ಹೊರಟ ಪದ ಅರ್ಧ ಜಗತ್ತು ಸುತ್ತಿ, ಲ್ಯಾಟಿನ್ ಉಡುಗೆ ತೊಟ್ಟು, ತನ್ನ ನೆರೆಯ ಬಯಲಿನ ಹೂವೊಂದಕ್ಕೆ ಹೆಸರಾಗಿ ಮರಳಿತು. ಅಲ್ಲಿನ ದನಗಾಹಿಗಳಿಗೆ ಕಾಡು ಈರುಳ್ಳಿಗೆ ತಮ್ಮದೇ ಮಾತು ಇತ್ತು. ಕಝಕ್ ಭಾಷೆಯಲ್ಲಿ ಅದು ಝುವಾ. ಅಡುಗೆಯ ಈರುಳ್ಳಿ ನಮ್ಮ ಉರ್ದುವಿನಂತೆಯೇ ಪಿಯಾಜ್.

ಗಿಡದ ಹೆಸರಿನ ವಿಷಯದಲ್ಲಿ ಇಷ್ಟು ಎಚ್ಚರ ವಹಿಸಿದ ವಿದ್ವಾಂಸರು ಮನುಷ್ಯರ ವಿಷಯದಲ್ಲಿ ಅಷ್ಟು ಎಚ್ಚರ ವಹಿಸಲಿಲ್ಲ. ಲೆಡೆಬೂರ್ ಮತ್ತು ಸಂಗಡಿಗರ ಪ್ರವಾಸ ಗ್ರಂಥದ ಹೆಸರಿನಲ್ಲಿಯೇ ಆ ಬಯಲು 'ಕಿರ್ಗಿಜ್ ಸ್ಟೆಪ್' ಆಗಿದೆ. ಅಲ್ಲಿ ಕುರಿ, ಕುದುರೆ ಮೇಯಿಸುತ್ತಿದ್ದವರು ಕಝಕರು. ರಶ್ಯನ್ನರು ಅವರನ್ನು ಕಿರ್ಗಿಜರೆಂದೇ ಕರೆಯುತ್ತಿದ್ದರು. ಈ ತಪ್ಪು ಸರಕಾರಿ ದಾಖಲೆಗಳಲ್ಲೂ ಮುಂದುವರಿದು, ಕಝಕರ ಗಣರಾಜ್ಯಕ್ಕೆ ಅವರದೇ ಹೆಸರು ಸಿಕ್ಕಿದ್ದು 1925ರಲ್ಲಿ. ಬ್ಯಾರಿ, ನವಾಯತ, ಪಿಂಜಾರ, ದಖನಿ ಎಲ್ಲರನ್ನೂ ಒಂದೇ ಪದದಲ್ಲಿ ಕರೆದು ಮುಗಿಸುವುದನ್ನು ಕಂಡಿರುವ ನಮಗೆ ಇದು ಅರ್ಥವಾಗದ ಸಂಗತಿಯಲ್ಲ.

ಹೂವಿನ ಹಿಂದೆ ಸೈನ್ಯವೂ ಬಂತೆಂದರೆ ಪೂರ್ತಿ ಸರಿಯಾಗದು. ಅನೇಕ ಸಲ ಸೈನ್ಯದ ಹಿಂದೆಯೇ ಹೂವಿನವರು ಬಂದರು. 1865ರಲ್ಲಿ ತಾಷ್ಕೆಂಟ್, 1868ರಲ್ಲಿ ಸಮರಕಂದ್, 1876ರಲ್ಲಿ ಕೋಕಂದ್ ರಶ್ಯದ ಕೈಸೇರಿದವು. ಅದೇ ವರ್ಷಗಳಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಸಸ್ಯೋದ್ಯಾನದ ಎಡ್ವರ್ಡ್ ರೆಗೆಲ್ ಮಧ್ಯ ಏಶ್ಯಾದ ಉಳ್ಳಿ ಜಾತಿಗಳನ್ನು ಪಟ್ಟಿ ಮಾಡುತ್ತಿದ್ದ. ಅವನ ಮಗ ಆಲ್ಬರ್ಟ್ ಕುಲ್ಜಾದಲ್ಲಿ ವೈದ್ಯನಾಗಿದ್ದು ಸುತ್ತಲಿನ ಬೆಟ್ಟಗಳಿಂದ ಗಿಡಗಳನ್ನು ಸಂಗ್ರಹಿಸಿ ಕಳಿಸುತ್ತಿದ್ದ. ಇಂಥವರ ಶ್ರಮ ಸುಳ್ಳಲ್ಲ. ಆದರೆ ಅವರಿಗೆ ದಾರಿ ತೆರೆದದ್ದು ಯಾವುದೆಂಬುದನ್ನೂ ಮರೆಯಬಾರದು.

ಇಪ್ಪತ್ತನೆಯ ಶತಮಾನ ಆ ಬಯಲಿಗೆ ಇನ್ನೂ ಕ್ರೂರವಾಗಿತ್ತು. ಹಿಮ ಕರಗಿದಂತೆ ಮೇವು ಹುಡುಕಿ ಮಂದೆಯೊಡನೆ ಸಾಗುವುದು ಕಝಕರ ಬದುಕಿನ ಕ್ರಮ. ಎಲ್ಲಿ ಎಷ್ಟು ದಿನ ಮೇಯಿಸಬೇಕು, ಯಾವ ಇಳಿಜಾರನ್ನು ಯಾವಾಗ ಬಿಡಬೇಕು ಎಂಬ ತಿಳಿವಳಿಕೆಯೇ ಹುಲ್ಲನ್ನೂ ಹೂವನ್ನೂ ಉಳಿಸಿತ್ತು. ಸ್ಟಾಲಿನ್ ಕಾಲದ ಸರಕಾರ ಅವರ ಮಂದೆಗಳನ್ನು ಕಿತ್ತುಕೊಂಡು ಒಂದೇ ಕಡೆ ನೆಲೆಸುವಂತೆ ಬಲವಂತ ಮಾಡಿತು. 1930ರಿಂದ 1933ರವರೆಗಿನ ಬರಗಾಲದಲ್ಲಿ ಸುಮಾರು 15 ಲಕ್ಷ ಜನ ಸತ್ತರು. ಕಝಕ್ ಜನಾಂಗದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಜನ ಅಳಿದರು. ಬದುಕುಳಿದ ಎಷ್ಟೋ ಜನ ಗಡಿ ದಾಟಿ ಚೀನಾಕ್ಕೆ ಓಡಿದರು.

1954ರಲ್ಲಿ ಕ್ರುಶ್ಚೇವ್ 'ಕನ್ಯಾಭೂಮಿ' ಯೋಜನೆ ಆರಂಭಿಸಿದ. ಕೆಲವೇ ವರ್ಷಗಳಲ್ಲಿ ಕಝಾಕಿಸ್ತಾನದ ಸುಮಾರು 250 ಲಕ್ಷ ಹೆಕ್ಟೇರ್ ಹುಲ್ಲುಗಾವಲು ಗೋಧಿಗಾಗಿ ನೇಗಿಲಿಗೆ ಬಿತ್ತು. ಕನ್ಯಾಭೂಮಿ ಎಂಬ ಹೆಸರಿನಲ್ಲೇ ಒಂದು ಸುಳ್ಳಿದೆ. ಶತಮಾನಗಳ ಕಾಲ ಜನ ಬಾಳಿದ ನೆಲವನ್ನು ಯಾರೂ ಮುಟ್ಟದ ನೆಲವೆಂದು ಅದು ಹೇಳುತ್ತದೆ. ಬೇರುಗಳ ಹಿಡಿತ ತಪ್ಪಿದ ಮಣ್ಣು 1960ರ ದಶಕದ ಆರಂಭದಲ್ಲಿ ಧೂಳಿನ ಬಿರುಗಾಳಿಯಾಗಿ ಹಾರಿತು. ಇದೇ ಬಯಲಿನ ಪೂರ್ವದ ಸೆಮಿಪಲಾಟಿನ್ಸ್ಕ್‌ನಲ್ಲಿ 1949ರಿಂದ 1989ರವರೆಗೆ 450ಕ್ಕೂ ಹೆಚ್ಚು ಅಣುಪರೀಕ್ಷೆಗಳು ನಡೆದವು.

ನೀಲಿ ಈರುಳ್ಳಿ ಇದರಿಂದ ನಾಶವಾಗಲಿಲ್ಲ. ನೇಗಿಲು ಹೋಗಲಾರದ ಇಳಿಜಾರುಗಳಲ್ಲಿ ಅದು ಈಗಲೂ ಅರಳುತ್ತದೆ. ಇನ್ನೊಂದೆಡೆ ಹಾಲೆಂಡಿನ ಹೊಲಗಳಲ್ಲಿ ಬೆಳೆದ ಅದರ ಗೆಡ್ಡೆಗಳು ಚೀಲಗಳಲ್ಲಿ ತುಂಬಿ ಲೋಕವೆಲ್ಲ ಮಾರಾಟವಾಗುತ್ತವೆ. ಎಷ್ಟು ಆಳಕ್ಕೆ ನೆಡಬೇಕು, ಎಷ್ಟು ಬಿಸಿಲು ಬೇಕು, ಯಾವ ತಿಂಗಳು ಹೂ ಬಿಡುತ್ತದೆ ಎಂಬುದು ಚೀಲದ ಮೇಲಿರುತ್ತದೆ. 'ಅಲಂಕಾರದ ಈರುಳ್ಳಿ' ಎಂಬ ವರ್ಗದ ಹೆಸರೂ ಇರುತ್ತದೆ. ಬಯಲಿನಲ್ಲಿ ಅದು ಯಾರ ಅಲಂಕಾರಕ್ಕಾಗಿಯೂ ಅರಳಿದ್ದಲ್ಲ.

ಉರ್ದು ಕಲಿತ ನಮ್ಮಂಥವರು ಲಾಲಾ, ನರ್ಗಿಸ್, ಸೋಸನ್ ಮುಂತಾದ ಹೂಗಳನ್ನು ನೋಡುವ ಮೊದಲೇ ಗಝಲುಗಳಲ್ಲಿ ಓದಿದವರು. ಫರ್ಗಾನಾದಲ್ಲಿ ಹುಟ್ಟಿದ ಬಾಬರ್ ಕಾಬೂಲಿನ ಬೆಟ್ಟಗಳಲ್ಲಿ ಮೂವತ್ತಕ್ಕೂ ಹೆಚ್ಚು ಬಗೆಯ ಲಾಲಾ ಹೂಗಳನ್ನು ಎಣಿಸಿದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ನಾನು ಓದಿದ ಗಝಲುಗಳಲ್ಲೆಲ್ಲೂ ಈರುಳ್ಳಿ ಹೂವಿಗೆ ಜಾಗ ಸಿಕ್ಕಿಲ್ಲ. ಜಜ್ಜಿದರೆ ವಾಸನೆ ಬರುವ ಗಿಡವನ್ನು ಮೆಹಫಿಲಿಗೆ ಯಾರು ಕರೆಯುತ್ತಾರೆ? ಆದರೂ ಲಾಜವರ್ದಿ ಎಂಬ ಪದವನ್ನು ಬಳಸುವಾಗ ಬದಖ್ಶಾನಿನ ಕಲ್ಲಿನ ಜೊತೆಗೆ, ಅದರ ಉತ್ತರಕ್ಕೆ ಹಬ್ಬಿದ ಬಯಲಿನ ಈ ಬಡ ಹೂವನ್ನೂ, ಅದರ ನಡುವೆ ಮಂದೆ ಮೇಯಿಸಿ ತಮ್ಮ ಹೆಸರಿಗಾಗಿ 1925ರವರೆಗೆ ಕಾಯಬೇಕಾಗಿ ಬಂದ ಜನರನ್ನೂ ನೆನೆಯಬಹುದು.