ಡೆಟ್ರಾಯಿಟ್ ನಗರದ ರೈಲ್ವೆ ಸ್ಟೇಷನ್ನು

ರಾಜ್ಯಗಳ ಏಳುಬೀಳುಗಳನ್ನು ತಿಳಿಯಲು ನಾವು ಕೋಟೆಗಳನ್ನೂ ಶಾಸನಗಳನ್ನೂ ನೋಡುವುದುಂಟು. ಕೈಗಾರಿಕಾ ನಗರಗಳ ಚರಿತ್ರೆಯನ್ನು ಅರಿಯಬೇಕಾದರೆ ಅವುಗಳ ರೈಲ್ವೆ ಸ್ಟೇಷನ್ನುಗಳನ್ನೂ ನೋಡಬೇಕು. ಅಮೆರಿಕಾ ಸಂಯುಕ್ತ ಸಂಸ್ಥಾನದ ಡೆಟ್ರಾಯಿಟ್ ನಗರದಲ್ಲಿರುವ ಮಿಷಿಗನ್ ಸೆಂಟ್ರಲ್ ಸ್ಟೇಷನ್ನು ಇದಕ್ಕೆ ತಕ್ಕ ನಿದರ್ಶನವಾಗಿದೆ.

೧೯೧೩ನೆಯ ಇಸವಿ ಡಿಸೆಂಬರ್ ೨೬ರಂದು ಆ ನಗರದ ಹಳೆಯ ಸ್ಟೇಷನ್ನು ಬೆಂಕಿಗೆ ಆಹುತಿಯಾಯಿತು. ಹೊಸ ಕಟ್ಟಡದ ಪ್ರಾರಂಭೋತ್ಸವಕ್ಕೆ ಇನ್ನೂ ಕೆಲವು ದಿನಗಳಿದ್ದರೂ ಆ ಸಂಜೆಯೇ ಅಲ್ಲಿಂದ ಗಾಡಿಗಳು ಹೊರಟುವು. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ಸ್ಟೇಷನ್ನಿನ ವಾಸ್ತುಶಿಲ್ಪಿಗಳೇ ಇದನ್ನೂ ರಚಿಸಿದರು. ಪ್ರಯಾಣಿಕರು ಕಾದಿರಲು ಪ್ರಾಚೀನ ರೋಮಿನ ಸ್ನಾನಗೃಹಗಳ ಮಾದರಿಯ ವಿಶಾಲವಾದ ಕಮಾನಿನ ಅಂಗಣ. ಅದರ ಹಿಂದೆ ಹದಿನೆಂಟು ಅಂತಸ್ತಿನ ಸೌಧ.

ಪೇಟೆಯ ಮಧ್ಯದಿಂದ ಈ ಸ್ಥಳವು ಒಂದು ಮೈಲಿಗೂ ಹೆಚ್ಚು ದೂರ. ನಗರವು ಕ್ರಮೇಣ ಇತ್ತಲೇ ಬೆಳೆದುಬರುವುದೆಂದು ಕಟ್ಟಿದವರು ನಂಬಿದರು. ಜನರು ಟ್ರಾಮಿನಲ್ಲಿ ಬರುವರೆಂದೆಣಿಸಿ ಮೋಟಾರುಗಳನ್ನು ನಿಲ್ಲಿಸಲು ತಕ್ಕ ಸ್ಥಳವನ್ನು ಬಿಡಲಿಲ್ಲ. ಆದರೆ ಅದೇ ೧೯೧೩ರಲ್ಲಿ, ಡೆಟ್ರಾಯಿಟಿಗೆ ಸೇರಿದಂತಿರುವ ಹೈಲೆಂಡ್ ಪಾರ್ಕಿನಲ್ಲಿ, ಹೆನ್ರಿ ಫೋರ್ಡನು ಚಲಿಸುವ ಸಾಲಿನ ಮೇಲೆ ಮೋಟಾರುಗಳನ್ನು ಜೋಡಿಸುವ ಪದ್ಧತಿಯನ್ನು ಆರಂಭಿಸಿದ್ದನು. ಮೋಟಾರು ಅಗ್ಗವಾಯಿತು, ಜನವಸತಿಯು ಅದರ ರಸ್ತೆಗಳನ್ನೇ ಹಿಡಿದು ಹೊರಕ್ಕೆ ಹರಡಿತು. ಟ್ರಾಮುಗಳೂ ನಿಂತುವು.

ಎರಡನೆಯ ಮಹಾಯುದ್ಧದ ಸೈನಿಕರ ಸಂದಣಿಯು ಸ್ಟೇಷನ್ನನ್ನು ಕೆಲಕಾಲ ತುಂಬಿತು. ಬಳಿಕ ೧೯೫೬ರಲ್ಲಿ ರೈಲ್ವೆ ಕಂಪೆನಿಯು ಕಟ್ಟಡವನ್ನು ಮಾರಲು ಯತ್ನಿಸಿತು. ೧೯೬೭ರಲ್ಲಿ ಹೆಬ್ಬಾಗಿಲನ್ನು ಮುಚ್ಚಿತು. ೧೯೭೫ರಲ್ಲಿ ಅದನ್ನು ಮತ್ತೆ ತೆರೆದರೂ ಹಿಂದಿನ ಸಂದಣಿ ಮರಳಲಿಲ್ಲ. ೧೯೮೮ರ ಜನವರಿಯಲ್ಲಿ ಕೊನೆಯ ಗಾಡಿ ಹೊರಟಿತು. ನಗರದ ಗತಿಯೂ ಇದೇ ಆಯಿತು. ಕಾರ್ಖಾನೆಗಳು ಕಡಮೆಯಾದುವು, ಅನುಕೂಲವಂತರನೇಕರು ಹೊರವಲಯಗಳಿಗೆ ಹೋದರು. ೧೯೫೦ರಲ್ಲಿ ಹದಿನೆಂಟು ಲಕ್ಷವನ್ನು ಮೀರಿದ್ದ ಜನಸಂಖ್ಯೆಯು ೨೦೧೦ರ ವೇಳೆಗೆ ಸುಮಾರು ಏಳು ಲಕ್ಷಕ್ಕೆ ಇಳಿಯಿತು. ಒಡೆದ ಕಿಟಕಿಗಳ ಆ ಸೌಧವು ನಗರದ ಅವನತಿಯ ಚಿತ್ರವೆಂದು ಲೋಕಪ್ರಸಿದ್ಧವಾಯಿತು.

೨೦೦೯ರಲ್ಲಿ ನಗರಸಭೆಯು ಅದನ್ನು ಕೆಡಹಬೇಕೆಂದು ನಿರ್ಣಯಿಸಿತು. ನಿರ್ಣಯವು ಜಾರಿಗೆ ಬರಲಿಲ್ಲ. ೨೦೧೮ರಲ್ಲಿ ಅದನ್ನು ಕೊಂಡದ್ದು ಫೋರ್ಡ್ ಮೋಟಾರು ಕಂಪೆನಿ. ಆರು ವರ್ಷಗಳ ಜೀರ್ಣೋದ್ಧಾರದ ಬಳಿಕ, ೨೦೨೪ರ ಜೂನ್ ತಿಂಗಳಲ್ಲಿ ಅದರ ಬಾಗಿಲುಗಳು ಮತ್ತೆ ತೆರೆದುವು. ಆದರೆ ತೆರೆದದ್ದು ರೈಲು ಹತ್ತುವವರಿಗಲ್ಲ, ಮುಖ್ಯವಾಗಿ ಕಚೇರಿಗಳಿಗೆ.

ರೈಲನ್ನು ಹಿಂದಿಕ್ಕಿದ ಮೋಟಾರೇ ರೈಲಿನ ಮನೆಯನ್ನು ಉಳಿಸಿತೆಂಬುದು ಇಲ್ಲಿನ ವಿಚಿತ್ರ. ಒಂದು ಕಾಲಕ್ಕೆ ಬೇಡವಾದ ಕಟ್ಟಡ ಮುಂದೆಂದಿಗೂ ಬೇಡವೆಂದು ನಾವು ಅವಸರದಿಂದ ತೀರ್ಮಾನಿಸಬಾರದು. ೨೦೦೯ರ ನಿರ್ಣಯವು ನೆರವೇರಿದ್ದರೆ, ಉದ್ಧರಿಸಲು ಅಲ್ಲಿ ಒಂದು ಗೋಡೆಯೂ ಇರುತ್ತಿರಲಿಲ್ಲ.