‘ಯಾತ್ರಾ’: ಹಳಿಯ ಮೇಲಿನ ಕಥನ

ಶ್ಯಾಮ್ ಬೆನೆಗಲ್ ನಿರ್ದೇಶಿಸಿದ ‘ಯಾತ್ರಾ’ 1986ರಲ್ಲಿ ದೂರದರ್ಶನದಲ್ಲಿ ಬಂದ ಹಿಂದಿ ಧಾರಾವಾಹಿ. ಭಾರತೀಯ ರೈಲ್ವೆ ಪ್ರಾಯೋಜಿಸಿದ ಇದು 15 ಕಂತುಗಳಲ್ಲೇ ಮುಗಿಯಿತು. ಕಥೆ ಬಹುಪಾಲು ನಡೆಯುವುದು ಹಿಮಸಾಗರ ಎಕ್ಸ್‌ಪ್ರೆಸ್‌ನಲ್ಲಿ. ಕನ್ಯಾಕುಮಾರಿಯಿಂದ ಜಮ್ಮು ತಾವಿಗೆ 3,700 ಕಿ.ಮೀ. ಮೀರಿದ ಆ ದಾರಿ ಆಗ ದೇಶದಲ್ಲೇ ಅತಿ ಉದ್ದದ್ದು. ಓಂ ಪುರಿ ಅಭಿನಯಿಸಿದ ಯೋಧ ಗೋಪಾಲನ್ ನಾಯರ್ ಸಹಪ್ರಯಾಣಿಕರ ಸುಖದುಃಖಗಳಿಗೆ ಸಾಕ್ಷಿಯಾಗುತ್ತಾನೆ. ಹಗಲು ನಡುವಿನ ಬರ್ತ್ ಮಡಚಿ ಎದುರುಬದುರು ಕೂತ ಅಪರಿಚಿತರು ನಿಧಾನವಾಗಿ ಒಂದೇ ಮನೆಯವರಂತಾಗುವುದೇ ಈ ಧಾರಾವಾಹಿಯ ನಿಜವಾದ ಸೊಗಸು.

ಹಿಮಸಾಗರ ಮುಂಬೈ ಬಳಿಯ ಕಲ್ಯಾಣದ ಮೇಲೆ ಹಾಯುವುದಿಲ್ಲ. ಆದರೂ ಠಾಣೆ, ಡೊಂಬಿವಲಿ, ಕಲ್ಯಾಣದ ಕನ್ನಡ ಕುಟುಂಬಗಳಿಗೆ ಇಂಥ ಪ್ರಯಾಣ ಬದುಕಿನದೇ ಭಾಗ. ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಸುಮಾರು 400 ಜನರನ್ನು ಹೊತ್ತು ಬಂದದ್ದು ಠಾಣೆಗೇ. 14 ಡಬ್ಬಿಗಳನ್ನು ಮೂರು ಎಂಜಿನ್‌ಗಳು ಎಳೆದಿದ್ದವು. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಅಲ್ಲಿಂದ ಘಟ್ಟ ಹತ್ತಿ ಪುಣೆ, ಸೊಲ್ಲಾಪುರ, ಕಲಬುರಗಿ, ವಾಡಿ ಮಾರ್ಗವಾಗಿ ಬೆಂಗಳೂರು ಸೇರುವ ಉದ್ಯಾನ್ ಎಕ್ಸ್‌ಪ್ರೆಸ್ ಬಯಲುಸೀಮೆಯವರ ಬಂಡಿ.

ಕರಾವಳಿಯವರು ಮಾತ್ರ ಬಹಳ ಕಾಯಬೇಕಾಯಿತು. ಹೋಟೆಲು, ಕಾರ್ಖಾನೆ, ಕಚೇರಿಗಳಲ್ಲಿ ದುಡಿಯುತ್ತಿದ್ದವರು ಮಕ್ಕಳುಮರಿ ಸಮೇತ ಊರಿಗೆ ಹೋಗಲು ಬಹುತೇಕ ಬಸ್ಸನ್ನೇ ನಂಬಿದ್ದರು. 1998ರ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ಣವಾಗಿ ತೆರೆದ ಮೇಲೆ ಠಾಣೆ, ಪನ್ವೇಲ್‌ಗಳಲ್ಲಿ ರೈಲು ಹತ್ತಿ ಕಾರವಾರ, ಕುಂದಾಪುರ, ಉಡುಪಿಗಳಲ್ಲಿ ನೇರವಾಗಿ ಇಳಿಯುವುದು ಸಾಧ್ಯವಾಯಿತು.