ಲಕೋಟೆಯಲ್ಲಿ ಮುಚ್ಚಿಟ್ಟ ಚುನಾವಣೆ

'ವಿದೇಶಿ ಕೈವಾಡ' ಎಂಬ ಮಾತು ನಮಗೆ ಹೊಸದಲ್ಲ. ಕೂಲಿ ಕೇಳಿದವನ ಹಿಂದೆ, ಭೂಮಿ ಕೇಳಿದವನ ಹಿಂದೆ, ಜಾತಿಯ ನೋವನ್ನು ದೇಶದಾಚೆ ಹೇಳಿಕೊಂಡವನ ಹಿಂದೆ ಯಾವುದೋ ಹೊರಗಿನ ಕೈ ಇದೆ ಅಂತ ಅಧಿಕಾರದಲ್ಲಿರುವವರು ಬಹಳ ಕಾಲದಿಂದ ಹೇಳುತ್ತಾ ಬಂದಿದ್ದಾರೆ. ಆ ಕೈ ನಿಜವಾಗಿ ಎಲ್ಲಿರುತ್ತದೆ? ಅದನ್ನು ಗುಟ್ಟಾಗಿ ಹಿಡಿಯುವವರು ಯಾರು? ಇದನ್ನು ತಿಳಿಯಬೇಕಾದರೆ 1968ರ ಅಮೆರಿಕದ ಚುನಾವಣೆಯನ್ನು ನೋಡಬೇಕು. ಲೋಕಕ್ಕೆಲ್ಲ ಪ್ರಜಾಪ್ರಭುತ್ವದ ಪಾಠ ಹೇಳುವ ದೇಶದಲ್ಲಿ ನಡೆದ ಕತೆ ಇದು.

ಆಗ ವಿಯೆಟ್ನಾಮಿನಲ್ಲಿ ಅಮೆರಿಕದ 5 ಲಕ್ಷಕ್ಕೂ ಹೆಚ್ಚು ಸೈನಿಕರಿದ್ದರು. ಯುದ್ಧಕ್ಕೆ ಹೋದವರು ಯಾರ ಮಕ್ಕಳು? ಕಾಲೇಜು ಸೇರಿದವನಿಗೆ ಸೈನ್ಯದ ಕರೆ ಮುಂದಕ್ಕೆ ಹೋಗುತ್ತಿತ್ತು. ಕಾಲೇಜಿನ ಮೆಟ್ಟಿಲು ಹತ್ತಲಾಗದವನು ಬಂದೂಕು ಹಿಡಿಯಬೇಕಿತ್ತು. ಅದೂ ಸಾಲದೆ ರಕ್ಷಣಾ ಸಚಿವ ಮೆಕ್‌ನಮಾರ 1966ರಲ್ಲಿ ಒಂದು ಯೋಜನೆ ತಂದ. ಪರೀಕ್ಷೆಯಲ್ಲಿ ಅಂಕ ಸಾಲದೆ ಸೈನ್ಯಕ್ಕೆ ಬೇಡವಾಗಿದ್ದವರನ್ನೂ ಸೇರಿಸಿಕೊಳ್ಳುವ ಯೋಜನೆ ಅದು. 1971ರವರೆಗೆ ಹಾಗೆ ಸೇರಿದವರು ಸುಮಾರು 3.5 ಲಕ್ಷ, ಅವರಲ್ಲಿ ನೂರಕ್ಕೆ ಸುಮಾರು 40 ಮಂದಿ ಕಪ್ಪು ಜನ. ಒಳ್ಳೆಯ ಶಾಲೆ ಕೊಡದ ಪ್ರಭುತ್ವ ಸಾಯುವ ಅವಕಾಶವನ್ನು ಮಾತ್ರ ಧಾರಾಳವಾಗಿ ಕೊಟ್ಟಿತು.

1967ರ ಏಪ್ರಿಲ್ 4ರಂದು ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರು ಇದನ್ನೇ ಎತ್ತಿ ಹೇಳಿದರು. ತಮ್ಮ ನಾಡಿನಲ್ಲಿ ಒಂದೇ ಶಾಲೆಯಲ್ಲಿ ಕೂರಲಾಗದ ಕರಿಯ ಬಿಳಿಯ ಹುಡುಗರು ಅಲ್ಲಿ ಜೊತೆಯಾಗಿ ಕೊಲ್ಲುತ್ತಾ ಜೊತೆಯಾಗಿ ಸಾಯುತ್ತಿದ್ದಾರಲ್ಲ ಅಂತ. ಸರಿಯಾಗಿ ಒಂದು ವರ್ಷಕ್ಕೆ, ಅದೇ ಏಪ್ರಿಲ್ 4ರಂದು, ಅವರನ್ನು ಗುಂಡಿಟ್ಟು ಕೊಂದರು. ಇನ್ನು ವಿಯೆಟ್ನಾಮಿನ ರೈತರ ಸಾವು? ಅದನ್ನು ಎಣಿಸಬೇಕಾದದ್ದು ಲಕ್ಷಗಳಲ್ಲಿ.

ಆ ವರ್ಷ ಅಧ್ಯಕ್ಷ ಜಾನ್ಸನ್ ತಾನು ಮತ್ತೆ ನಿಲ್ಲುವುದಿಲ್ಲ ಎಂದ. ಅವನ ಉಪಾಧ್ಯಕ್ಷ ಹಂಫ್ರಿ ಡೆಮಾಕ್ರಟಿಕ್ ಪಕ್ಷದಿಂದ ನಿಂತ. ಎದುರಿಗೆ ರಿಪಬ್ಲಿಕನ್ ಪಕ್ಷದ ನಿಕ್ಸನ್. ಮೇ ತಿಂಗಳಿಂದ ಪ್ಯಾರಿಸ್ಸಿನಲ್ಲಿ ಶಾಂತಿ ಮಾತುಕತೆ ಕುಂಟುತ್ತಾ ಸಾಗಿತ್ತು. ಅಕ್ಟೋಬರಿನಲ್ಲಿ ಒಂದು ದಾರಿ ಕಂಡಿತು. ಉತ್ತರ ವಿಯೆಟ್ನಾಮಿನ ಮೇಲೆ ಬಾಂಬು ಹಾಕುವುದನ್ನು ಅಮೆರಿಕ ನಿಲ್ಲಿಸುವುದು, ಅಮೆರಿಕದ ಆಸರೆಯಲ್ಲಿದ್ದ ದಕ್ಷಿಣದ ಸೈಗಾನ್ ಸರ್ಕಾರವನ್ನೂ ಅದರ ವಿರುದ್ಧ ಹೋರಾಡುತ್ತಿದ್ದ ವಿಮೋಚನಾ ರಂಗವನ್ನೂ ಮಾತುಕತೆಗೆ ಸೇರಿಸಿಕೊಳ್ಳುವುದು. ಮತದಾನ ನವೆಂಬರ್ 5ಕ್ಕೆ, ಮಾತುಕತೆ ಮರುದಿನವೇ. ಶಾಂತಿ ಹತ್ತಿರ ಬಂತು ಅಂತ ಜನ ನಂಬಿದರೆ ಹಂಫ್ರಿಗೆ ಓಟು ಬೀಳುತ್ತದೆ. ನಿಕ್ಸನ್‌ಗಿದ್ದ ಭಯ ಅದು.

ಇಲ್ಲಿ ಅನ್ನಾ ಚೆನಾಲ್ಟ್ ಬರುತ್ತಾಳೆ. ಚೀನಾದಲ್ಲಿ ಹುಟ್ಟಿ ಅಮೆರಿಕದ ಪ್ರಜೆಯಾದವಳು, ಒಬ್ಬ ಹೆಸರಾಂತ ವಾಯುಸೇನಾ ಜನರಲ್ಲನ ವಿಧವೆ, ನಿಕ್ಸನ್‌ಗಾಗಿ ಚುನಾವಣಾ ನಿಧಿ ಕೂಡಿಸುತ್ತಿದ್ದವಳು. 1968ರ ಜುಲೈಯಲ್ಲಿ ನ್ಯೂಯಾರ್ಕಿನಲ್ಲಿ ಆಕೆ ದಕ್ಷಿಣ ವಿಯೆಟ್ನಾಮಿನ ರಾಯಭಾರಿ ಬುಯಿ ಡಿಯೆಮ್‌ನನ್ನು ನಿಕ್ಸನ್ ಮುಂದೆ ಕರೆತಂದಳು. ಅಂದಿನಿಂದ ಆಕೆಯೇ ನಡುವಿನ ದೂತಿ. ಅಕ್ಟೋಬರ್ 22ರಂದು ನಿಕ್ಸನ್ ಕೊಟ್ಟ ಆದೇಶಗಳನ್ನು ಅವನ ಸಹಾಯಕ ಹಾಲ್ಡೆಮನ್ ಗುರುತು ಹಾಕಿಕೊಂಡಿದ್ದ. ಚೆನಾಲ್ಟ್ ದಕ್ಷಿಣ ವಿಯೆಟ್ನಾಮಿನ ಮೇಲೆ ಕೆಲಸ ಮಾಡುತ್ತಲೇ ಇರಲಿ, ಮಾತುಕತೆ ಕೆಡಿಸಲು ಬೇರೆ ದಾರಿ ಇದೆಯೇ ನೋಡಿ ಎಂಬ ಅರ್ಥದ ಸಾಲುಗಳು ಅಲ್ಲಿವೆ. ನಿಕ್ಸನ್ ಚರಿತ್ರೆ ಬರೆದ ಜಾನ್ ಫಾರೆಲ್ ಆ ಸಾಲುಗಳನ್ನು 2017ರ ಹೊತ್ತಿಗೆ ಬೆಳಕಿಗೆ ತಂದ.

ಅಕ್ಟೋಬರ್ 31ರಂದು ಜಾನ್ಸನ್ ಬಾಂಬು ನಿಲ್ಲಿಸಿದ್ದನ್ನು ಸಾರಿದ. ನವೆಂಬರ್ 2ರಂದು ದಕ್ಷಿಣದ ಅಧ್ಯಕ್ಷ ಥಿಯು ತಾನು ಪ್ಯಾರಿಸ್ಸಿಗೆ ಬರೋದಿಲ್ಲ ಎಂದ. ಅದೇ ದಿನ ಚೆನಾಲ್ಟ್ ರಾಯಭಾರಿಗೆ ಫೋನು ಮಾಡಿದ್ದಳು: ನಿಮ್ಮವರು ಗಟ್ಟಿಯಾಗಿ ನಿಲ್ಲಲಿ, ನಾವು ಗೆಲ್ಲುತ್ತೇವೆ. ಇದು ಗೊತ್ತಾದದ್ದು ಹೇಗೆ? ಎಫ್.ಬಿ.ಐ. ಆ ರಾಯಭಾರ ಕಚೇರಿಯ ಫೋನಿಗೆ ಕದ್ದು ಕಿವಿಗೊಟ್ಟಿತ್ತು.

ಜಾನ್ಸನ್ ಕುದಿದುಹೋದ. ರಿಪಬ್ಲಿಕನ್ ಮುಖಂಡ ಡರ್ಕ್‌ಸನ್‌ಗೆ ಫೋನಿನಲ್ಲಿ 'ಇದು ದೇಶದ್ರೋಹ' ಎಂದ. 'ನನಗೆ ಗೊತ್ತು' ಎಂದ ಡರ್ಕ್‌ಸನ್. ಮರುದಿನ ನಿಕ್ಸನ್ ಫೋನಿಗೆ ಬಂದು, ತನಗೂ ಇದಕ್ಕೂ ಸಂಬಂಧವಿಲ್ಲ ಎಂದ. ನವೆಂಬರ್ 4ರಂದು ಜಾನ್ಸನ್ ತನ್ನ ಮಂತ್ರಿಗಳನ್ನು ಕೇಳಿದ: ಜನರಿಗೆ ಹೇಳೋಣವೇ? ಬೇಡ ಎಂದರು. ಇಂಥದ್ದು ಹೊರಬಿದ್ದರೆ ದೇಶಕ್ಕೆ ಒಳ್ಳೆಯದಲ್ಲ ಎಂದರು. ಹೇಳಿದರೆ ಮಿತ್ರದೇಶದ ಕಚೇರಿಗೆ ಕಿವಿಗೊಟ್ಟಿದ್ದೂ ಬಯಲಾಗುತ್ತಿತ್ತು. ಮರುದಿನ ಸುಮಾರು 7.3 ಕೋಟಿ ಜನ ಓಟು ಹಾಕಿದರು. ನಿಕ್ಸನ್ ಗೆದ್ದ. ಇಬ್ಬರ ನಡುವಿನ ಅಂತರ ಸುಮಾರು 5 ಲಕ್ಷ ಓಟು.

ಕಾಗದಪತ್ರಗಳೆಲ್ಲ ಏನಾದವು? ಜಾನ್ಸನ್‌ನ ಸಲಹೆಗಾರ ರೋಸ್ಟೋ ಅವನ್ನು ಒಂದು ಲಕೋಟೆಗೆ ಹಾಕಿ ಇಟ್ಟುಕೊಂಡ. 1973ರ ಜೂನಿನಲ್ಲಿ ಅದನ್ನು ಜಾನ್ಸನ್ ಗ್ರಂಥಾಲಯಕ್ಕೆ ಒಪ್ಪಿಸಿ, 50 ವರ್ಷ ತೆರೆಯಬೇಡಿ ಎಂದ. ಗ್ರಂಥಾಲಯದವರು ಅಷ್ಟು ಕಾಯದೆ 1994ರಲ್ಲಿ ತೆರೆದರು. ಅಷ್ಟರಲ್ಲಿ ನಿಕ್ಸನ್ ಎರಡು ಸಲ ಗೆದ್ದು, ಬೇರೆಯೇ ಹಗರಣದಲ್ಲಿ ಕುರ್ಚಿ ಬಿಟ್ಟಾಗಿತ್ತು.

ನಾಲ್ಕೂ ಕಡೆಯವರು ಕೂತು ಮಾತಾಡಿದ್ದು 1969ರ ಜನವರಿ 25ಕ್ಕೆ. ಅದಕ್ಕೆ ಮುಂಚೆ ಮೇಜಿನ ಆಕಾರ ಹೇಗಿರಬೇಕು ಅಂತ ವಾರಗಟ್ಟಲೆ ಜಗಳ! ಒಪ್ಪಂದಕ್ಕೆ ಸಹಿ ಬಿದ್ದದ್ದು 1973ರ ಜನವರಿ 27ಕ್ಕೆ. ಈ ಯುದ್ಧದಲ್ಲಿ ಸತ್ತ 58,000ಕ್ಕೂ ಹೆಚ್ಚು ಅಮೆರಿಕನ್ ಸೈನಿಕರಲ್ಲಿ 20,000ಕ್ಕೂ ಹೆಚ್ಚು ಮಂದಿ ಸತ್ತದ್ದು ನಿಕ್ಸನ್ ಅಧಿಕಾರಕ್ಕೆ ಬಂದ ಮೇಲೆ. 1969ರ ಮಾರ್ಚಿನಿಂದ ಕಾಂಬೋಡಿಯದ ಹಳ್ಳಿಗಾಡಿನ ಮೇಲೂ ಗುಟ್ಟಾಗಿ ಬಾಂಬು ಬಿತ್ತು.

ಇಷ್ಟೂ ಸಾವು ಒಂದು ಫೋನಿನಿಂದ ಆಯಿತು ಅಂತ ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ಚರಿತ್ರೆಗೆ ಮೋಸ. ಥಿಯುಗೆ ಆ ಮಾತುಕತೆ ಮೊದಲಿನಿಂದಲೂ ಬೇಕಿರಲಿಲ್ಲ; ಯಾರೂ ಹೇಳದಿದ್ದರೂ ಅವನು ಹಿಂಜರಿಯುತ್ತಿದ್ದ ಎನ್ನುವ ಇತಿಹಾಸಕಾರರಿದ್ದಾರೆ. ಜಾನ್ಸನ್ ಕೂಡ ಸಾಧುವಲ್ಲ, ಆ ಲಕ್ಷಾಂತರ ಹುಡುಗರನ್ನು ಕಳಿಸಿದವನೇ ಅವನು. ನಮ್ಮ ಪ್ರಶ್ನೆ ಬೇರೆ. ಮಗನನ್ನು ಯುದ್ಧಕ್ಕೆ ಕಳಿಸಿದ ತಾಯಿ ಓಟು ಹಾಕಲು ಸಾಲಿನಲ್ಲಿ ನಿಂತಾಗ ಈ ವಿಷಯ ಒಬ್ಬ ಅಭ್ಯರ್ಥಿಗೆ ಗೊತ್ತಿತ್ತು, ಅಧ್ಯಕ್ಷನಿಗೆ ಗೊತ್ತಿತ್ತು, ಗೂಢಚಾರರಿಗೆ ಗೊತ್ತಿತ್ತು, ಪರದೇಶದ ರಾಯಭಾರಿಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವಳು ಆಕೆ ಒಬ್ಬಳೇ. ಒಂದು ಪಕ್ಷ ಪಿತೂರಿ ಮಾಡಿತು, ಇನ್ನೊಂದು ಅದನ್ನು ಮುಚ್ಚಿಟ್ಟಿತು. ಮೇಲಿನವರು ಜಗಳವಾಡುವಾಗಲೂ ಕೆಳಗಿನವರಿಂದ ಬಚ್ಚಿಡುವುದರಲ್ಲಿ ಒಂದಾಗುತ್ತಾರೆ.

ಅದೇ ಚುನಾವಣೆಯಲ್ಲಿ ಇನ್ನೊಂದೂ ನಡೆಯಿತು. ನಿಮ್ಮ ಪ್ರಚಾರಕ್ಕೆ ಹಣ ಕೊಡುತ್ತೇವೆ ಅಂತ ಸೋವಿಯತ್ ಸರ್ಕಾರ ಹಂಫ್ರಿಗೆ ಸೂಚಿಸಿತ್ತು. ಅವನು ಬೇಡ ಎಂದ. ಇದನ್ನು ಬರೆದಿಟ್ಟವನು ಹೇಳಿಕಳಿಸಲ್ಪಟ್ಟ ಸೋವಿಯತ್ ರಾಯಭಾರಿ ದೊಬ್ರಿನಿನ್ನೇ. ಅಂದರೆ ಒಲ್ಲೆ ಎನ್ನಲು ಸಾಧ್ಯವಿತ್ತು.

ಹಾಗಂತ ಹೊರದೇಶದವರ ಜೊತೆ ಮಾತಾಡುವುದೇ ಪಾಪವೇ? ಅಲ್ಲ. 1946ರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಅವರು ಅಮೆರಿಕದ ಕಪ್ಪು ಜನರ ನಾಯಕ ಡು ಬೋಯಿಸ್ ಅವರಿಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ಕಪ್ಪು ಜನ ಸಲ್ಲಿಸಿದ್ದ ಮನವಿಯ ಪ್ರತಿ ಕೇಳಿದ್ದರು. 1972ರಲ್ಲಿ ಮುಂಬಯಿಯ ದಲಿತ ಯುವಕರು ಅಲ್ಲಿನ ಬ್ಲ್ಯಾಕ್ ಪ್ಯಾಂಥರ್‌ಗಳ ಹೆಸರನ್ನೇ ಎತ್ತಿಕೊಂಡು ದಲಿತ ಪ್ಯಾಂಥರ್ಸ್ ಕಟ್ಟಿದರು. ಅದು ನೊಂದವರು ನೊಂದವರನ್ನು ಹಗಲು ಬೆಳಕಿನಲ್ಲಿ ಮಾತಾಡಿಸಿದ್ದು. ಚೆನಾಲ್ಟ್‌ಳ ಫೋನು ಕತ್ತಲೆಯಲ್ಲಿ ಕುದುರಿಸಿದ ವ್ಯಾಪಾರ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವವರ ಕೈ ಮೊದಲು ನೋಡಬೇಕು.

ನಮ್ಮ ದೇಶದ್ದನ್ನೇ ನೋಡಿ. ಪಕ್ಷಗಳು ವಿದೇಶಿ ಹಣ ಮುಟ್ಟಬಾರದು ಎಂಬ ಕಾನೂನು 1976ರಲ್ಲಿ ಬಂತು. 2014ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು, ಬ್ರಿಟನ್ನಿನ ವೇದಾಂತ ಕಂಪನಿಗೆ ಸೇರಿದ ಸಂಸ್ಥೆಗಳಿಂದ ದೇಣಿಗೆ ಪಡೆದ ಕಾಂಗ್ರೆಸ್ಸೂ ಭಾಜಪವೂ ಮೇಲ್ನೋಟಕ್ಕೇ ಈ ಕಾನೂನು ಮುರಿದಿವೆ ಎಂದಿತು. ಶಿಕ್ಷೆ ಆಯಿತೇ? ಕಾನೂನೇ ಬದಲಾಯಿತು. ಇಂಥ ಕಂಪನಿಗಳನ್ನು 'ವಿದೇಶಿ' ಎನ್ನಬೇಕಿಲ್ಲ ಎಂಬ ತಿದ್ದುಪಡಿ 2016ರಲ್ಲಿ ಬಂತು. 2018ರಲ್ಲಿ ಅದನ್ನು 1976ರಿಂದಲೇ ಅನ್ವಯ ಮಾಡಿದರು. 2020ರಲ್ಲಿ ಸಂಘಸಂಸ್ಥೆಗಳಿಗೆ ಮಾತ್ರ ವಿದೇಶಿ ದೇಣಿಗೆಯ ಕಟ್ಟು ಇನ್ನಷ್ಟು ಬಿಗಿಯಾಯಿತು. ಧಣಿಗೆ ಬೀಗ ತೆಗೆದರು, ಆಳಿಗೆ ಬೀಗ ಜಡಿದರು.

2018ರಲ್ಲಿ ಬಂದ ಚುನಾವಣಾ ಬಾಂಡೂ ಒಂದು ಲಕೋಟೆಯೇ. ಕೊಟ್ಟವರ ಹೆಸರು ಮತದಾರನಿಗೆ ಕಾಣುತ್ತಿರಲಿಲ್ಲ. ಮತದಾರನಿಗೆ ತಿಳಿಯುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟು 2024ರ ಫೆಬ್ರವರಿ 15ರಂದು ಅದನ್ನು ರದ್ದು ಮಾಡಿತು. ಅಷ್ಟರಲ್ಲಿ 2019ರ ಲೋಕಸಭಾ ಚುನಾವಣೆ ಮುಗಿದುಹೋಗಿತ್ತು.

ಆದ್ದರಿಂದ ಯಾರಾದರೂ 'ವಿದೇಶಿ ಕೈ' ಎಂದಾಗ ನಾವು ಎರಡೇ ಪ್ರಶ್ನೆ ಕೇಳೋಣ, ಮಕ್ಕಳಿಗೂ ಕೇಳಲು ಕಲಿಸೋಣ. ಇದನ್ನು ಜನರಿಂದ ಮುಚ್ಚಿಟ್ಟವರು ಯಾರು? ಮುಚ್ಚಿಟ್ಟದ್ದಕ್ಕೆ ಬೆಲೆ ತೆತ್ತವರು ಯಾರು? ಅಮೆರಿಕದಲ್ಲಿ ಮತಪೆಟ್ಟಿಗೆ ತೆರೆದದ್ದು 1968ರಲ್ಲಿ, ಲಕೋಟೆ ತೆರೆದದ್ದು 1994ರಲ್ಲಿ. ಲಕೋಟೆ ಮೊದಲು ತೆರೆಯಬೇಕು, ಪೆಟ್ಟಿಗೆ ಆಮೇಲೆ. ನಮ್ಮ ಬೇಡಿಕೆ ಇಷ್ಟೇ.